ಮಾಸ್ತರು ರೈಟ್ ಹಾಕಿದ ವಾಕ್ಯ

“ರೋಗ ಬಂದು ಸತ್ರ ಇಂಗ್ಲಿಷಿನಾಗ ‘ಡೈಡ್’ ಮುಂದ ಏನು ಹಚ್ಚಬೇಕು? ಜಲ್ದಿ ಹೇಳು. ತಪ್ಪಿದ್ರ ಇವತ್ತ ಚಾ ಇಲ್ಲ.”

“ಡೈಡ್ ಆಫ್ ರಿ ಸರ್. ಡೈಡ್ ಆಫ್ ಕಾಲರಾ.”

“ಪೆಟ್ಟು ಬಿದ್ದು ಸತ್ರ?”

“ಡೈಡ್ ಫ್ರಾಮ್ ರಿ.”

“ಹೊಳ್ಯಾಗ? ಬೆಂಕ್ಯಾಗ?”

“ಡೈಡ್ ಇನ್.”

“ಇನ್ನೊಬ್ಬರ ಸಲುವಾಗಿ ಸತ್ರ?”

“ಡೈಡ್ ಫಾರ್. ಇನ್ನರೆ ಚಾ ಕೊಡ್ರಿ ಸರ್.”

ಸೊಂಟದಲ್ಲಿ ಪಿಸ್ತೂಲು, ಹೆಗಲ ಮೇಲೆ ಎರಡು ನಕ್ಷತ್ರ, ಬಗಲಲ್ಲಿ ಕೊಲೆ ಕೇಸಿನ ಫೈಲು. ಇಷ್ಟೆಲ್ಲ ಇದ್ದೂ ಅಫಜಲಪುರದ ಈ ಪಡಸಾಲೆಗೆ ಕಾಲಿಟ್ಟರೆ ಸಾಕು, ಪಿಎಸ್ಐ ಪಲ್ಲವಿ ಹತ್ತನೇ ತರಗತಿಯ ಹುಡುಗಿಯಾಗಿಬಿಡುತ್ತಿದ್ದಳು. ಈಗಲೂ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

ಅತನೂರಿನ ಶಾಲೆಯಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿದ ದೇವೀಂದ್ರಪ್ಪ ಮಾಸ್ತರು ನಗುತ್ತಾರೆಂದು ಕಾದಳು. ಅವರು ನಗಲಿಲ್ಲ. ಎಪ್ಪತ್ತೆರಡರ ವಯಸ್ಸಿನಲ್ಲೂ ಇಸ್ತ್ರಿ ಮುರಿಯದ ಅಂಗಿ ತೊಡುವ ಮನುಷ್ಯ ಇವತ್ತು ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದರು.

ನಾಲ್ಕು ದಿನದ ಹಿಂದೆ ಅತನೂರಿನಲ್ಲಿ ದೊಡ್ಡ ಹೊಲದ ಒಡೆಯ ಪಾಂಡುರಂಗರ ಹಾಳುಬಾವಿಯ ಹೂಳು ತೆಗೆಯುವಾಗ ಮನುಷ್ಯನ ಎಲುಬುಗಳು ಸಿಕ್ಕಿದ್ದವು. ಜೊತೆಗೆ ಬೆನ್ನಿಗೆ ಹೆಸರು ಕೊರೆದ ಒಂದು ಕೈಗಡಿಯಾರ. ಹತ್ತೊಂಬತ್ತು ವರ್ಷದ ಹಿಂದೆ ನೌಕರಿ ಬಿಟ್ಟು ಪುಣೆಗೆ ಹೋದನೆಂದು ಊರೆಲ್ಲ ನಂಬಿಕೊಂಡಿದ್ದ, ಅದೇ ಶಾಲೆಯ ವಿಜ್ಞಾನದ ಮಾಸ್ತರ ಸುಧೀರನ ಗಡಿಯಾರ ಅದು.

ಹೂಳಿನಲ್ಲಿ ಇನ್ನೊಂದು ವಸ್ತುವೂ ಸಿಕ್ಕಿತ್ತು. ಬಾವಿಯ ಪಂಪು ನೋಡಿಕೊಳ್ಳುತ್ತಿದ್ದ ಮಾಳಿಂಗ ನಟ್ಟು ಬಿಗಿಯಲು ಬಳಸುತ್ತಿದ್ದ ಕಬ್ಬಿಣದ ಪಾನಾ. ಪಂಪಿನವನ ಪಾನಾ ಬಾವಿಗೆ ಬೀಳದೆ ಮತ್ತೇನು ಆಕಾಶಕ್ಕೆ ಹಾರುತ್ತದೆಯೇ ಎಂದು ಪಲ್ಲವಿ ಕೇಳಿದ್ದಳು. ತನಿಖೆಯ ಹೊಣೆ ಹೊತ್ತ ಇನ್ಸ್‌ಪೆಕ್ಟರ್ ಅನೀಲಕುಮಾರರಿಗೆ ಆ ಮಾತು ಹಿಡಿಸಿರಲಿಲ್ಲ. ಇವತ್ತು ಸಂಜೆ ಐದಕ್ಕೆ ಮಾಳಿಂಗನ ಅರೆಸ್ಟ್ ತೋರಿಸಿ ಕೋರ್ಟಿಗೆ ಒಯ್ಯುವುದು ಅವರ ತೀರ್ಮಾನ. ಅಷ್ಟರೊಳಗೆ ಬೇರೆ ಸಾಕ್ಷಿ ತಂದರೆ ನೋಡೋಣ ಎಂದಿದ್ದರು.

ಅತನೂರಿನವಳೆಂಬ ಕಾರಣಕ್ಕೇ ಪಲ್ಲವಿಯನ್ನು ಆಳಂದದಿಂದ ಈ ಕೇಸಿಗೆ ಎರವಲು ತರಿಸಿದ್ದರು. ಊರಿನವಳು, ಊರಿನ ಗುಟ್ಟು ಬಲ್ಲವಳು ಎಂಬ ಲೆಕ್ಕ. ಮೂರು ದಿನದಲ್ಲಿ ಅವಳಿಗೆ ತಿಳಿದದ್ದು ಒಂದೇ: ಸುಧೀರ ಕಾಣೆಯಾದ ವರ್ಷದ ಮಳೆಗಾಲದಲ್ಲಿಯೇ, ತುಂಬಿದ ಬಾವಿಯನ್ನು ಪಾಂಡುರಂಗರು ಕಲ್ಲು ಮಣ್ಣು ಹಾಕಿ ಮುಚ್ಚಿಸಿದ್ದರು. ನೀರು ಕೆಟ್ಟಿತ್ತು ಎಂದು ಅವರ ಹೇಳಿಕೆ.

“ಸರ್, ಸುಧೀರ ಸರ್ ಸಾಲಿಗೆ ಕಡೇಕ ಬಂದದ್ದು ಯಾವತ್ತು, ನೆನಪೈತೇನ್ರಿ?”

“ಆಗಸ್ಟ್ ಹದಿನೈದಕ್ಕ ಝೆಂಡಾ ಹಾರ್ಸುವಾಗ ನನ್ನ ಬಾಜೂಕ ನಿಂತಿದ್ದ. ಆಮ್ಯಾಲೆ ಕಾಣ್ಲಿಲ್ಲ. ಸೆಪ್ಟೆಂಬರದಾಗ ಪುಣೆದಿಂದ ರಾಜೀನಾಮೆ ಪತ್ರ ಬಂತು, ಇಂಗ್ಲಿಷಿನಾಗ. ಹೆಡ್ ಮಾಸ್ತರ ಓದಿ ಫೈಲಿಗೆ ಹಾಕಿದ್ರು. ನಾವೆಲ್ಲಾ ನಂಬಿದ್ವಿ.” ಮಾಸ್ತರು ಕನ್ನಡಕ ತೆಗೆದು ಒರೆಸಿದರು. “ನಂಬೂದು ಭಾಳ ಹಗೂರ ಇರತೈತಿ ನೋಡವ್ವಾ.”

ಎದ್ದು ಒಳಗೆ ಹೋದರು. ಹೊರಬಂದಾಗ ಕೈಯಲ್ಲಿ ಹಳದಿಗಟ್ಟಿದ ನೋಟಬುಕ್ ಇತ್ತು. ಅವರ ಕೈಯಲ್ಲಿ ಇಂಗ್ಲಿಷ್ ಕಲಿತವರೆಲ್ಲ ಒಬ್ಬರೂ ಬಿಡದೆ ಪಾಸಾದ ಮೊದಲ ವರ್ಷ ಪಲ್ಲವಿಯ ಹತ್ತನೇ ತರಗತಿಯದು. ವರ್ಷದ ಕೊನೆಗೆ ಮಕ್ಕಳಿಂದ ಒಪ್ಪಿಸಿಕೊಂಡ ಆ ಬ್ಯಾಚಿನ ನೋಟಬುಕ್ಕುಗಳನ್ನು ಮಾಸ್ತರು ಮಾರಿರಲಿಲ್ಲ, ಇಲಿಗೂ ಕೊಟ್ಟಿರಲಿಲ್ಲ.

“ನಿಂದು. ಒಯ್ಯಿ.”

“ನಂದು ಇನ್ನೂ ಇಟ್ಟೀರೇನ್ರಿ!” ಪಲ್ಲವಿ ಎರಡೂ ಕೈ ಚಾಚಿ ತೆಗೆದುಕೊಂಡಳು.

“ಇಲ್ಲಿ ತೆರೀಬ್ಯಾಡ. ಜೀಪಿನಾಗ ಕುಂತು ಓದು.” ಅವಳ ಮುಖ ನೋಡದೆ ಹೇಳಿದರು. “ಸಮಾಧಾನದಿಂದ ಓದು. ಎಲ್ಲಾ ಓದು.”

ಚಹಾ ಬರಲೇ ಇಲ್ಲ. ಇಷ್ಟು ವರ್ಷದಲ್ಲಿ ಆ ಮನೆಯಿಂದ ಅವಳು ಚಹಾ ಕುಡಿಯದೆ ಎದ್ದದ್ದು ಅದೇ ಮೊದಲು.

ಜೀಪು ಹತ್ತಿ ಕುಳಿತವಳು ಕೂಡಲೇ ನೋಟಬುಕ್ ತೆರೆಯಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ರಟ್ಟನ್ನು ಸವರಿದಳು. ಈ ಮನುಷ್ಯನ ಉಪಕಾರವನ್ನು ನೆನೆಯದ ದಿನ ಅವಳ ಬದುಕಿನಲ್ಲಿ ಇರಲಿಲ್ಲ. ಪಿಎಸ್ಐ ಪರೀಕ್ಷೆಯ ಭಾಷಾಂತರದ ಪೇಪರಿಗೆ ಹೆದರಿ ಅರ್ಜಿಯನ್ನೇ ಹರಿಯಲು ಹೊರಟವಳನ್ನು ಕೂರಿಸಿ, ಒಂದು ವರ್ಷ ದಿನಾ ಬೆಳಗಿನ ಆರಕ್ಕೆ ಪಾಠ ಹೇಳಿದವರು. ಅತನೂರಿನಿಂದ ಹಾಲಿನ ಗಾಡಿಯಲ್ಲಿ ಬರುವವಳಿಗೆ ಬಾಗಿಲು ತೆರೆದು ಕಾಯುತ್ತಿದ್ದವರು. ಅವಳ ಹೆಗಲ ಮೇಲಿನ ಎರಡು ನಕ್ಷತ್ರಗಳಲ್ಲಿ ಒಂದೂವರೆ ಮಾಸ್ತರದು ಎಂದು ಅವಳ ಅವ್ವ ಇವತ್ತಿಗೂ ಹೇಳುತ್ತಾಳೆ.

ನೋಟಬುಕ್ ತೆರೆದಳು. ನಡುವೆ ಒಂದು ರಟ್ಟಿನ ತುಂಡು ಇಟ್ಟಿತ್ತು. ಅದನ್ನು ನೋಡಿ ನಕ್ಕೇಬಿಟ್ಟಳು. ಮಾಸ್ತರ ತಿದ್ದುವ ಮಷೀನು!

ಸಾವಿನ ಪಾಠಕ್ಕೆ ಮಾಸ್ತರದ್ದೇ ಒಂದು ಪದ್ಧತಿ ಇತ್ತು. ಪುಸ್ತಕದ ವಾಕ್ಯ ಬಾಯಿಪಾಠ ಮಾಡಿದರೆ ಮರೆತುಹೋಗುತ್ತದೆ; ಮನೆಗೆ ಹೋಗಿ ಹಿರಿಯರನ್ನು ಕೇಳಿ, ಊರಲ್ಲಿ ಯಾರು ಹೇಗೆ ಸತ್ತರು ತಿಳಿದುಕೊಂಡು, ಹತ್ತು ಸಾವು ಬರೆದು ತರಬೇಕು. ಒಂದೇ ಷರತ್ತು: ಸಾವು ಖರೆ ಇರಬೇಕು, ಕಟ್ಟಿದ್ದು ಇರಬಾರದು. ಹೀಗೆ ಅತನೂರಿನ ಕಾಲರಾ, ಸಿಡಿಲು, ಹಾವು, ಬಾಣಂತಿಸನ್ನಿ ಎಲ್ಲ ವರ್ಷಕ್ಕೊಮ್ಮೆ ಇಂಗ್ಲಿಷಿಗೆ ಬರುತ್ತಿದ್ದವು.

ಅರವತ್ತು ಮಕ್ಕಳು, ತಲೆಗೆ ಹತ್ತು ಸಾವು. ಆರುನೂರು ಸಾವು ಓದುತ್ತ ಕುಳಿತರೆ ಮಾಸ್ತರೇ ಸಾಯಬೇಕಾಗುತ್ತದೆ. ಅದಕ್ಕೆಂದೇ ಸೀಮೆಸುಣ್ಣದ ಡಬ್ಬಿಯ ರಟ್ಟಿಗೆ ಬೆರಳಗಲದ ಕಿಂಡಿ ಕೊರೆದಿದ್ದರು. ಸಾಲಿನ ಮೇಲೆ ಅದನ್ನಿಟ್ಟರೆ ನಡುವಿನ ಎರಡು ಪದ ಮಾತ್ರ ಕಾಣುತ್ತಿದ್ದವು, ಸತ್ತದ್ದು ಮತ್ತು ಅದಕ್ಕೆ ಹಚ್ಚಿದ್ದು. ಸರಿಯಿದ್ದರೆ ರೈಟು, ತಪ್ಪಿದ್ದರೆ ಕಾಟು. ಸತ್ತವರು ಯಾರು, ಎಲ್ಲಿ ಸತ್ತರು, ಅದು ರಟ್ಟಿನ ಕೆಳಗೆ ಮುಚ್ಚಿರುತ್ತಿತ್ತು. ಎರಡು ತಾಸಿನಲ್ಲಿ ಇಡೀ ತರಗತಿಯ ಕೆಲಸ ಮುಗಿಯುತ್ತಿತ್ತು.

ಪಲ್ಲವಿ ಹುಡುಗಾಟಕ್ಕೆಂದು ರಟ್ಟನ್ನು ಸಾಲಿನ ಮೇಲಿಟ್ಟು ಒಂದೊಂದೇ ಇಳಿಸುತ್ತ ಬಂದಳು. ಐದನೇ ಸಾಲಿಗೆ ಬಂದಾಗ ರಟ್ಟು ಸರಿದು ಇಡೀ ವಾಕ್ಯ ಕಂಡಿತು.

ಸುಧೀರ್ ಸರ್ ಡೈಡ್ ಇನ್ ಅವರ್ ವೆಲ್.

ಸುಧೀರ ಸರ್ ನಮ್ಮ ಬಾವಿಯಲ್ಲಿ ಸತ್ತರು. ಪಕ್ಕದಲ್ಲಿ ಕೆಂಪು ರೈಟು. ಪುಟದ ಕೆಳಗೆ ಹತ್ತಕ್ಕೆ ಹತ್ತು, ಮಾಸ್ತರ ಸಹಿ, ತಾರೀಖು: ಇಪ್ಪತ್ತೊಂದು ಆಗಸ್ಟ್ ಎರಡು ಸಾವಿರದ ಆರು.

ಅಕ್ಷರ ಅವಳದೇ.

“ಗಾಡಿ ನಿಂದ್ರಸು,” ಎಂದಳು ಪಲ್ಲವಿ ಡ್ರೈವರಿಗೆ. ಜೀಪು ರಸ್ತೆಬದಿಗೆ ನಿಂತಿತು. ಅವಳು ಇಳಿದು ಮುಖಕ್ಕೆ ನೀರು ಹಾಕಿಕೊಂಡು ಮತ್ತೆ ಓದಿದಳು.

ನಮ್ಮ ಬಾವಿ! ಅವಳ ಮನೆಗೆ ಬಾವಿ ಎಲ್ಲಿತ್ತು? ಓಣಿಗೆಲ್ಲ ಸೇರಿ ಒಂದು ಕೈಬೋರಿಂಗು. ಬುದ್ಧನ ಫೋಟೋ ಇರುವ ಆ ಓಣಿಯ ಮನೆಗಳವರು ಪಾಂಡುರಂಗರ ಬಾವಿಯ ಕಟ್ಟೆಯನ್ನೂ ಮುಟ್ಟುವಂತಿರಲಿಲ್ಲ. ಇದು ಅವಳು ಬರೆದದ್ದು ಹೌದು, ಅವಳ ಮಾತಲ್ಲ.

ಆಗಸ್ಟ್ ತಿಂಗಳೆಂದರೆ ಹೆಸರುಕಾಯಿ ಬಿಡಿಸುವ ಕಾಲ. ಅವ್ವನ ಜೊತೆ ಹೊಲಕ್ಕೆ ಹೋಗಿ, ಮಣ್ಣುಗಾಲಲ್ಲೇ ಶಾಲೆಗೆ ಓಡಿಬರುತ್ತಿದ್ದ ಪಲ್ಲವಿಗೆ ಹೋಮ್‌ವರ್ಕ್ ಎಂದರೆ ಪಾಂಡುರಂಗರ ಮಗಳು ಅನುಜಾಳ ನೋಟಬುಕ್. ಬೇವಿನ ಗಿಡದ ಕೆಳಗೆ ಕುಳಿತು ಅಕ್ಷರಕ್ಕೆ ಅಕ್ಷರ ಇಳಿಸುತ್ತಿದ್ದಳು. ಅರ್ಥ ಯಾರಿಗೆ ಬೇಕಿತ್ತು? ಛಡಿ ಏಟು ತಪ್ಪಿದರೆ ಸಾಕಿತ್ತು. ತನ್ನ ಬುತ್ತಿಯ ಜೊತೆ ನೋಟಬುಕ್ಕನ್ನೂ ಹಂಚಿಕೊಂಡು, ಬೇರೆ ಹುಡುಗಿಯರು ಸರಿದು ಕೂತಾಗ ಪಕ್ಕಕ್ಕೆ ಬಂದು ಕೂತವಳು ಅನುಜಾ. ಆ ಋಣ ಸಣ್ಣದಲ್ಲ.

ಪಲ್ಲವಿ ಲೆಕ್ಕ ಹಾಕಿದಳು. ಆಗಸ್ಟ್ ಇಪ್ಪತ್ತೊಂದಕ್ಕೆ ಸುಧೀರ ಸತ್ತದ್ದು ಒಬ್ಬರಿಗೆ ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ಸತ್ತವನ ಹೆಸರಲ್ಲಿ ಪುಣೆಯಿಂದ ಇಂಗ್ಲಿಷ್ ಪತ್ರ ಬಂತು. ಮಾಳಿಂಗ ಹೆಬ್ಬೆಟ್ಟಿನವನು, ಹೊಳೆಯಾಚೆ ಹೋದವನಲ್ಲ. ಅವನಿಗೂ ಆ ಪತ್ರಕ್ಕೂ ಎಲ್ಲಿಯ ನಂಟು?

ಆದರೆ ಸಾಕ್ಷಿ ಇರುವುದು ತನಿಖೆ ಮಾಡುವವಳ ಸ್ವಂತ ಅಕ್ಷರದಲ್ಲಿ. ಇದನ್ನು ಮೇಜಿನ ಮೇಲಿಟ್ಟ ಗಳಿಗೆಯೇ ಅವಳು ಕೇಸಿನಿಂದ ಹೊರಗೆ. ಮೂಲದಲ್ಲಿ ಇದನ್ನು ಬರೆದವಳೇ ಬಾಯಿ ಬಿಡಬೇಕು. ಬಿಟ್ಟರೆ ಅನುಜಾಳ ಮನೆ ಉಳಿಯುತ್ತದೆಯೇ?

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

“ಜೇವರ್ಗಿಗೆ ನಡಿ,” ಎಂದಳು.

ಅನುಜಾ ಈಗ ಜೇವರ್ಗಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಪೂರಕ ಪರೀಕ್ಷೆಯ ವಿಶೇಷ ಕ್ಲಾಸು ಮುಗಿದು ಹುಡುಗರು ಹೋಗಿದ್ದರು. ಖಾಲಿ ಕೋಣೆಯಲ್ಲಿ ಅವಳು ಹಾಜರಿ ಬರೆಯುತ್ತ ಕುಳಿತಿದ್ದಳು.

“ಏ ಪಲ್ಲವಿ! ಖಾಕಿಯೊಳಗ ಏನ್ ಛಂದ ಕಾಣ್ತಿ ಬೇ!” ಓಡಿಬಂದು ಅಪ್ಪಿಕೊಂಡಳು. “ನಮ್ಮ ಹುಡುಗ್ರಿಗೆ ಹೇಳ್ತಿರ್ತೇನಿ, ನನ್ನ ಗೆಳತಿ ಪಿಎಸ್ಐ ಅದಾಳ ಅಂತ. ಉಂಡಿಯೇನು?”

ಹೆಚ್ಚು ಹೊತ್ತು ಆ ನಗುವನ್ನು ನೋಡಿದರೆ ತಾನು ಬಂದ ಕೆಲಸ ಆಗುವುದಿಲ್ಲವೆಂದು ಪಲ್ಲವಿಗೆ ಗೊತ್ತಿತ್ತು. ನೋಟಬುಕ್ ತೆರೆದು ಅವಳ ಮುಂದಿಟ್ಟಳು.

“ಐದನೇದ್ದು ಓದು.”

ಅನುಜಾ ಓದಿದಳು. ನಗು ಇಳಿಯಿತು. ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. ಪಲ್ಲವಿ ಅಂದುಕೊಂಡಂತೆ ಹೆದರಲಿಲ್ಲ, ಜಾರಿಕೊಳ್ಳಲೂ ನೋಡಲಿಲ್ಲ. ಕಣ್ಣೀರು ತುಂಬಿ ಕೆನ್ನೆಗೆ ಇಳಿಯಿತು.

“ಓದಿದ್ಯಲ್ಲ,” ಎಂದಳು. “ಯಾರರೆ ಓದಿದ್ರಲ್ಲ ಕಡೇಕ.”

“ಅನು, ಅವತ್ತ ನನಗ ಏನಂದಿದ್ದಿ ನೆನಪೈತೇನು? ‘ಒಂದಕ್ಷರ ಬಿಡಬ್ಯಾಡ, ಎಲ್ಲಾ ಬರ್ಕೊ’ ಅಂದಿದ್ದಿ. ದಿನಾ ಹಂಗ ಅಂತಿದ್ದಿಲ್ಲ ನೀ.”

“ಒಂದು ನೋಟಬುಕ್ ಇದ್ರ ಹರದು ಹಾಕ್ತಾರ. ಎರಡು ಇದ್ರ ಒಂದರೆ ಉಳೀತೈತಿ ಅಂತ.” ಅನುಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹದಿನೈದು ವರ್ಷದಾಕಿ ನಾ. ಮನ್ಯಾಗ ಬಾಯಿ ತೆರದ್ರ ನನ್ನೂ ಅದs ಬಾವ್ಯಾಗ ಹಾಕ್ತಾರ ಅನ್ನೂ ಅಂಜಿಕಿ. ಕನ್ನಡದಾಗ ಬರದ್ರ ಅಪ್ಪ ಓದ್ತಾನ. ಇಂಗ್ಲಿಷ್ ಓದಾವ್ರು ಆಗ ಮನ್ಯಾಗ ಯಾರೂ ಇರ್ಲಿಲ್ಲ. ಮಾಸ್ತರ ಒಬ್ರು ಓದ್ತಾರ ಅಂದ್ಕೊಂಡೆ. ಖರೆ ಸಾವು ಬರೀರಿ ಅಂತ ಅವರs ಹೇಳಿದ್ರಲ್ಲ. ಬರದೆ.”

“ಮಾಸ್ತರ ರೈಟ್ ಹಾಕಿದ್ರು.”

“ಹತ್ತಕ್ಕ ಹತ್ತು ಕೊಟ್ಟಿದ್ರು ಬೇ. ಎಂಟು ದಿನ ಕಾದೆ. ಇವತ್ತ ಕರೀತಾರ, ನಾಳೆ ಕರೀತಾರ ಅಂತ. ಆಮ್ಯಾಲೆ ನನ್ನ ನೋಟಬುಕ್ ಒಲಿಗೆ ಹಾಕಿದೆ.”

ಪಲ್ಲವಿಗೆ ಬೆಳಗಿನ ಮಾಸ್ತರ ಮುಖ ಈಗ ಅರ್ಥವಾಯಿತು. ಎಲುಬು ಸಿಕ್ಕ ಸುದ್ದಿ ಕೇಳಿ ಹಳೆಯ ಗಂಟು ಬಿಚ್ಚಿದ್ದಾರೆ. ಈ ಸಲ ರಟ್ಟು ಇಡದೆ ಓದಿದ್ದಾರೆ. ಒಂದು ಮಗು ತಮ್ಮನ್ನೇ ನಂಬಿ ಕೂಗಿದ್ದನ್ನು, ತಾವು ನಡುವಿನ ಎರಡು ಪದ ನೋಡಿ ಮುಂದಕ್ಕೆ ಹೋದದ್ದನ್ನು ಓದಿದ್ದಾರೆ. ಅದನ್ನು ಬಾಯಲ್ಲಿ ಹೇಳಲಾಗದೆ ನೋಟಬುಕ್ ಕೊಟ್ಟಿದ್ದಾರೆ. ಸುಟ್ಟುಹಾಕಿದ್ದರೆ ಕೇಳುವವರು ಯಾರಿದ್ದರು? ಅವಳಿಗೆ ಮಾಸ್ತರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಕೃತಜ್ಞತೆ, ಅದರ ಹಿಂದೆಯೇ ಮರುಕ.

“ಅವರ ಮ್ಯಾಲೆ ಸಿಟ್ಟಿಲ್ಲೇನು ನಿನಗ?”

“ಮೊದಲು ಇತ್ತು. ಈಗ ನಾನೂ ಎಂಬತ್ತು ಪೇಪರ್ ತಿದ್ದತೇನಿ. ನಾನೂ ಹಂಗs ತಿದ್ದತೇನಿ.” ಅನುಜಾ ನೋಟಬುಕ್ ಮುಚ್ಚಿ ಅದರ ಮೇಲೆ ಕೈಯಿಟ್ಟಳು. “ಅವರು ಕಲಿಸಿದ ಇಂಗ್ಲಿಷಿನ ಮ್ಯಾಲೆ ಅನ್ನ ತಿನ್ನಾಕತ್ತೇನಿ. ಏನಂತ ಸಿಟ್ಟು ಮಾಡ್ಲಿ?”

“ಅನು, ಐದು ಗಂಟೆಕ್ಕ ಮಾಳಿಂಗನ್ನ ಒಳಗ ಹಾಕ್ತಾರ. ನಿಮ್ಮ ಪಂಪಿನ ಮಾಳಿಂಗ. ಅವನ ಹೆಂಡ್ತಿ ಸುಭದ್ರಾಬಾಯಿ ನಿನಗೂ ನನಗೂ ಪುಂಡಿಪಲ್ಯ ರೊಟ್ಟಿ ಕೊಡ್ತಿದ್ಲು. ಯಾರು ಕೊಂದ್ರು ಹೇಳು.”

ಅನುಜಾ ನೋಟಬುಕ್ಕನ್ನು ಪಲ್ಲವಿಯ ಕಡೆ ಸರಿಸಿದಳು.

“ಅಪ್ಪನೇನು?”

“ಅಪ್ಪ ಬಾವಿ ಮುಚ್ಚಸಿದಾಂವ ಅಷ್ಟs.”

“ಮತ್ತ್ಯಾರು? ಪುಣೆದಿಂದ ಪತ್ರ ಹಾಕಿದವರು ಯಾರು?”

ಆಗಲೇ ಪಲ್ಲವಿಯ ಫೋನು ಬಡಿದುಕೊಂಡಿತು. ಠಾಣೆಯಿಂದ ಕಾನ್‌ಸ್ಟೇಬಲ್ ನೂರೀನ.

“ಮೇಡಂರಿ, ಮಾಳಿಂಗನ್ನ ಬಿಟ್ರು! ಸುಭದ್ರಾಬಾಯಿ ಅಳಾಕತ್ತಾಳ, ನಗಾಕತ್ತಾಳ, ನಿಮ್ಮ ಹೆಸರು ಹಿಡಿದು ಕೈ ಮುಗಿಯಾಕತ್ತಾಳ. ನಿಮಗ ಒಳ್ಳೇದಾಗ್ಲಿ ಅಂತ ಹೇಳು ಅಂದ್ಲು.”

ಪಲ್ಲವಿ ಉಸಿರು ಬಿಟ್ಟಳು. ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿದಂತಾಯಿತು. “ಯಾಕ ಬಿಟ್ರು?”

ನೂರೀನಳ ದನಿಯ ಖುಷಿ ಇಳಿಯಿತು. “ದೇವೀಂದ್ರಪ್ಪ ಮಾಸ್ತರ ಬಂದಾರ್ರಿ. ತಾವs ಬಂದು ಕುಂತಾರ. ಸುಧೀರನ್ನ ನಾನs ಕೊಂದೇನಿ, ಮಾಳಿಂಗಂದು ಏನೂ ತಪ್ಪಿಲ್ಲ ಅಂತ ಮೂರು ಹಾಳಿ ಬರದು ಸಹಿ ಮಾಡ್ಯಾರ. ಸಾಹೇಬ್ರು ಖುಷಿ ಆಗ್ಯಾರ. ಐದಕ್ಕ ಮಾಸ್ತರ್ನ ಕೋರ್ಟಿಗೆ ಒಯ್ತಾರಂತ.”

ಫೋನು ಕೈಯಲ್ಲೇ ಉಳಿಯಿತು. ಹಿಂದಿನ ಬೆಂಚಿಗೆ ಕೇಳುವಷ್ಟು ಗಟ್ಟಿಯಾಗಿತ್ತು ನೂರೀನಳ ದನಿ. ಅನುಜಾಳಿಗೂ ಎಲ್ಲ ಕೇಳಿಸಿತ್ತು.

“ಸುಳ್ಳು!” ಅವಳು ಧಡಕ್ಕನೆ ಎದ್ದಳು. “ಮಾಸ್ತರ ಅವತ್ತ ಊರಾಗs ಇರ್ಲಿಲ್ಲ. ಝೆಂಡಾ ಹಾರ್ಸಿ ಸೊಲ್ಲಾಪುರಕ್ಕ ದವಾಖಾನಿಗೆ ಹೋಗಿದ್ರು. ನಾ ಕಣ್ಣಾರ ನೋಡೇನಿ, ಅವರಲ್ಲ!”

“ನಿನ್ನ ಉಳಸಾಕ ಹೋಗ್ಯಾರ ಅನು.” ಪಲ್ಲವಿ ಫೋನನ್ನು ಮೇಜಿನ ಮೇಲಿಟ್ಟಳು. “ಬೆಳಿಗ್ಗೆ ನೋಟಬುಕ್ ಕೊಟ್ರು. ನಾ ನಿಂದು ನೋಡಿ ಬರೀತಿದ್ದದ್ದು ಅವರಿಗೆ ಗೊತ್ತಿತ್ತು, ನಾ ನಿನ್ನ ಕಡೆ ಬರ್ತೇನಿ ಅಂತನೂ ಗೊತ್ತಿತ್ತು. ನಿನ್ನ ಬಾಯಿ ತೆರಸಬಾರ್ದು, ಮಾಳಿಂಗನೂ ಒಳಗ ಹೋಗಬಾರ್ದು. ಅದಕ್ಕ ತಾವs ಹೋಗಿ ಕುಂತಾರ.”

ಅನುಜಾ ಎರಡೂ ಕೈಯಿಂದ ಮೇಜು ಹಿಡಿದುಕೊಂಡಳು. ಹತ್ತೊಂಬತ್ತು ವರ್ಷ ತನಗಾಗಿ ಯಾರೂ ಬರಲಿಲ್ಲವೆಂದು ನಂಬಿದ್ದವಳು. ಈಗ ಒಬ್ಬರು ಬಂದಿದ್ದರು, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಕಾಲು ನೋಯಿಸಿಕೊಂಡು ಠಾಣೆಯ ಮೆಟ್ಟಿಲು ಹತ್ತಿ.

“ದೇವರಂಥ ಮನುಷ್ಯಾ,” ಎಂದಳು ಅನುಜಾ. ಆಮೇಲೆ ಗಟ್ಟಿಯಾಗಿ, “ಅವರನ್ನ ಜೇಲಿಗೆ ಕಳಸಿ ನಾ ಊಟ ಮಾಡಂಗಿಲ್ಲ. ಹೇಳಿಕಿ ಬರ್ಕೊ. ಕೋರ್ಟಿಗೂ ಬರ್ತೇನಿ.”

ಪಲ್ಲವಿ ಫೈಲಿನಿಂದ ಬಿಳಿ ಹಾಳೆ ತೆಗೆದಳು. ಪೆನ್ನಿನ ಮುಚ್ಚಳ ತೆಗೆದಳು.

“ಕೊಂದವರ ಹೆಸರು?”

ಅನುಜಾಳ ಬೆರಳು ಕೊರಳಿನ ಕರಿಮಣಿಯನ್ನು ಹಿಡಿದುಕೊಂಡಿತು.

“ಹೆಸರು ಹೇಳು ಅನು. ಯಾಳೆ ಇಲ್ಲ.”

“ಆ ಹೆಸರು ನಾ ಬಾಯಿಲೆ ಹೇಳಂಗಿಲ್ಲ, ಪಲ್ಲವಿ,” ಎಂದಳು ಅನುಜಾ. “ಲಗ್ನ ಆದಾಗಿಂದ ಹೇಳಿಲ್ಲ.”

ಪಲ್ಲವಿಯ ಪೆನ್ನು ನಿಂತಿತು. ಈ ಸೀಮೆಯ ಹೆಂಗಸರು ಬಾಯಲ್ಲಿ ಹೇಳದ ಹೆಸರು ಒಂದೇ ಒಂದು, ಗಂಡನದು. ಅನುಜಾಳ ಸೋದರಮಾವ ವಿಕ್ರಮ, ಪುಣೆಯಲ್ಲಿ ಬಿ.ಕಾಂ. ಓದುತ್ತ, ಆ ಆಗಸ್ಟ್ ಹದಿನೈದರ ರಜೆಗೆ ಅಕ್ಕನ ಮನೆಗೆ ಬಂದು, ಮರುದಿನವೇ ಪುಣೆಗೆ ಮರಳಿದ್ದವನು. ಅನುಜಾ ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಮಾತಾಗಿತ್ತು, ಮುಂದೆ ಅವಳ ಕೊರಳಿಗೆ ತಾಳಿ ಕಟ್ಟಿದವನೂ ಅವನೇ. ಅವರ ಮದುವೆಯ ಊಟ ಪಲ್ಲವಿಯೂ ಉಂಡಿದ್ದಳು.

ಕಾಲೇಜಿನ ಗೇಟಿನ ಹತ್ತಿರ ಕಾರೊಂದು ನಿಂತ ಸದ್ದಾಯಿತು. ಹಾರ್ನು ಎರಡು ಸಲ ಕೂಗಿತು.

ಅನುಜಾ ಕಿಟಕಿಯ ಕಡೆ ನೋಡಲಿಲ್ಲ. ಪಲ್ಲವಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಊಟಕ್ಕ ಕರ್ಕೊಂಡು ಹೋಗಾಕ ಬಂದಾರ,” ಎಂದಳು. “ಹೊರಗ ನಿಂತ ನಿನ್ನ ಜೀಪ್ ನೋಡಿರ್ತಾರ.”